ಗಾಳಿ ಪೈಪಿಗೆ ಕಟ್ಟಿದ ಗೊಂಡೆಮಾಲೆ

ಆಯುಧಪೂಜೆ ಮುಗಿದ ಮೇಲೆ ಒಂದು ವಾರ ನನ್ನ ಹೊಗೆ ತಪಾಸಣೆಯ ಗೂಡಿಗೆ ಬರುವ ಗಾಡಿಗಳೆಲ್ಲ ದಿಬ್ಬಣಕ್ಕೆ ಹೊರಟ ಹಾಗೆ ಬರುತ್ತವೆ. ಗಾಜಿನ ಮೇಲೆ ಕುಂಕುಮ, ಬಂಪರಿಗೆ ಬಾಳೆಕಂಬ, ಟೈರಿಗೆ ಅಂಟಿಕೊಂಡ ನಿಂಬೆಹಣ್ಣಿನ ಸಿಪ್ಪೆ. ಮೊನ್ನೆಯೂ ಹಾಗೇ ಒಂದು ಲಾರಿ ಬಂತು. ನಾನು ಸೈಲೆನ್ಸರಿನ ಬಾಯಿಗೆ ಯಂತ್ರದ ನಳಿಗೆ ಸಿಕ್ಕಿಸಿ ಕೈ ಎತ್ತಿದೆ, ಡ್ರೈವರ್ ಆಕ್ಸಿಲರೇಟರ್ ತುಳಿದ. ಬಿಸಿ ಡೀಸೆಲ್ಲಿನ ಜೊತೆಗೆ ಬಾಡಿದ ಗೊಂಡೆಹೂವಿನ ವಾಸನೆ ಮೂಗಿಗೆ ಬಂತು.

“ತಮ್ಮಾ, ಬಂದ್ ಮಾಡು. ಮೊದ್ಲು ಆ ಗಾಳಿ ಪೈಪಿನ ಮೇಲಿನ ಹೂವು ತೆಗಿ” ಎಂದೆ.

“ಹೂವಿಗೂ ಹೊಗೆಗೂ ಎಂತ ಸಂಬಂಧ ಅಕ್ಕಾ?”

ಸಂಬಂಧ ಇದೆ. ಹೇಳಹೊರಟರೆ ಒಂದು ಮಾತಿಗೆ ಮುಗಿಯುವುದಲ್ಲ, ಪೈಪಿನ ಕಡೆ ಬೆರಳು ತೋರಿಸಿದೆ. ಅವನು ಏನೋ ಗೊಣಗುತ್ತ ಕ್ಯಾಬಿನ್ನಿನ ಹಿಂಬದಿಗೆ ಹತ್ತಿ ಮಾಲೆ ಬಿಚ್ಚಿ ನನ್ನ ಕೈಗೇ ಕೊಟ್ಟ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಡ್ರಾವರ್ ಎಳೆದೆ. ಅಲ್ಲಿ ಲಾರಿ ರಿಪೇರಿಯ ಮಿಸ್ತ್ರಿಯ ಆ ಸಣ್ಣ ಪಾನ, ಅಂದರೆ ಸ್ಪ್ಯಾನರ್, ಇತ್ತು. ತುದಿ ಸವೆದದ್ದು, ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದು...

ನಾನು ಭೈರುಂಬೆಯ ಕಡೆಯವಳು. ಮದುವೆಯಾಗಿ ಯಲ್ಲಾಪುರಕ್ಕೆ ಬಂದು, ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಈ ಗೂಡು ಹಾಕಿಕೊಂಡು ಕುಳಿತಾಗ ನನಗೆ ಲಾರಿ ಎಂದರೆ ರಸ್ತೆಯಲ್ಲಿ ದಾರಿ ಬಿಡದ ವಸ್ತು, ಅಷ್ಟೇ. ಗೂಡಿನ ಪಕ್ಕದಲ್ಲೇ ತಗಡಿನ ಚಪ್ಪರ. ಅದರ ಕೆಳಗೆ ಯಾವಾಗಲೂ ಒಂದು ಲಾರಿ ಮುಸುಡಿ ತೆರೆದುಕೊಂಡು ನಿಂತಿರುತ್ತಿತ್ತು, ಅದರೊಳಗೆ ಸೊಂಟದವರೆಗೆ ಮುಳುಗಿದ ಒಬ್ಬ ಮನುಷ್ಯ. ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಖಾಕಿ ಚಡ್ಡಿ. ಊರೆಲ್ಲ ಅವರನ್ನು ಮಿಸ್ತ್ರಿ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ಶುರುವಿನಲ್ಲಿ ನಮಗೆ ಆಗಿಬರುತ್ತಿರಲಿಲ್ಲ. ನಾನು ಹೊಗೆ ಜಾಸ್ತಿ ಎಂದು ವಾಪಸು ಕಳಿಸಿದ ಲಾರಿ ಸೀದಾ ಪಕ್ಕದ ಚಪ್ಪರಕ್ಕೆ ಹೋಗುತ್ತಿತ್ತು. ನಾನು ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ತಿರುಗಿ ಬರುತ್ತಿತ್ತು, ಹಾಲು ಕುಡಿದ ಮಗುವಿನಷ್ಟು ಸಭ್ಯವಾಗಿ. ಯಂತ್ರ ಪಾಸು ಎನ್ನುತ್ತಿತ್ತು. ಮರುದಿನ ಅದೇ ಲಾರಿ ಪೇಟೆಯ ನಡುವೆ ಕಪ್ಪಗೆ ಉಗುಳುತ್ತ ಹೋಗುವುದನ್ನು ನೋಡುತ್ತಿದ್ದೆ. ಗುಟ್ಟು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಎಂಜಿನ್ನಿನ ಡೀಸೆಲ್ ಪಂಪಿನ ಬದಿಗೆ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಏರಿಸಿದರೆ ಎಂಜಿನ್ನಿಗೆ ಎಣ್ಣೆ ಜಾಸ್ತಿ ಬೀಳುತ್ತದೆ, ಗಾಡಿಗೆ ಎಳೆತ ಬರುತ್ತದೆ, ಉರಿಯದೆ ಉಳಿದ ಎಣ್ಣೆ ಹೊಗೆಯಾಗುತ್ತದೆ. ಇಳಿಸಿದರೆ ಹೊಗೆಯೂ ಇಲ್ಲ, ಎಳೆತವೂ ಇಲ್ಲ. ಮಿಸ್ತ್ರಿ ನನ್ನ ಗೂಡಿಗೆ ಕಳಿಸುವಾಗ ಇಳಿಸುತ್ತಿದ್ದರು, ಘಾಟಿಗೆ ಕಳಿಸುವಾಗ ಏರಿಸುತ್ತಿದ್ದರು. ಅದಕ್ಕೆಂದೇ ಇದ್ದದ್ದು ಈ ಪಾನ, ಸದಾ ಅಂಗಿಯ ಕಿಸೆಯಲ್ಲಿ.

ನಾನು ಹೋಗಿ ಜಗಳ ತೆಗೆದೆ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಮುಂದೆ. ಅವರು ಕೈಯನ್ನು ಹತ್ತಿನೂಲಿನ ವೇಸ್ಟಿನಲ್ಲಿ ಒರೆಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು.

“ತಂಗೀ, ನಿನ್ನ ಮಷಿನ್ನು ಸುಳ್ಳು ಹೇಳೂದಿಲ್ಲ, ನಾನೂ ಹೇಳೂದಿಲ್ಲ. ನಿನ್ನ ಹತ್ರ ಬಂದಾಗ ಹೊಗೆ ಇರೂದಿಲ್ಲ, ಘಾಟಿಯಲ್ಲಿ ಇರ್ತದೆ. ಎರಡೂ ಖರೇ.”

ಇಂಥವರ ಜೊತೆ ಜಗಳ ಆಡುವುದು ಹೇಗೆ? ಅವತ್ತು ಮಧ್ಯಾಹ್ನ ತಮ್ಮ ಥರ್ಮಾಸಿನಿಂದ ಕಷಾಯ ಬಗ್ಗಿಸಿ ಕಳಿಸಿದರು. ಹೆಂಡತಿ ಮಾಡಿಕೊಟ್ಟದ್ದಂತೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಇನ್ನೇನೋ ಒಂದು. ಆ ಇನ್ನೇನೋ ಯಾವುದೆಂದು ನನಗೆ ತಿಳಿಯಲೇ ಇಲ್ಲ, ದಿನವೂ ಕುಡಿಯುವುದು ಮಾತ್ರ ರೂಢಿಯಾಯಿತು. ಸಿಟ್ಟು ಉಳಿದಿತ್ತು, ಆದರೆ ಮಧ್ಯಾಹ್ನದ ಮೇಲೆ ಅಷ್ಟು ಗಟ್ಟಿಯಾಗಿ ಉಳಿಯುತ್ತಿರಲಿಲ್ಲ.

ಕೊನೆಗೆ ಆ ಪುಡಿ ಕಲಿಯುವುದಕ್ಕೆಂದೇ ಒಂದು ಭಾನುವಾರ ಅವರ ಮನೆಗೆ ಹೋದೆ. ಕರಾವಳಿಯಿಂದ ಬರುವ ಲಾರಿಗಳು ಅರಬೈಲು ಘಾಟಿ ಹತ್ತಿ, ಕೊನೆಯ ಏರಿನಲ್ಲಿ ಗೇರು ಇಳಿಸಿ ನರಳುವ ಜಾಗ ಒಂದಿದೆ. ಅಲ್ಲೇ, ರಸ್ತೆಗೆ ಮುಖ ಮಾಡಿ ಅವರ ಮನೆ. ಅವರ ಹೆಂಡತಿ, ಅವತ್ತಿನಿಂದ ನನಗೆ ಅಕ್ಕ, ಬಾಗಿಲಲ್ಲೇ ನಿಂತು ಒಳಗೆ ಕರೆದರು. ಸಣಕಲು ದೇಹ, ಮಾತಿಗೊಮ್ಮೆ ಕೆಮ್ಮು, ಕೆಮ್ಮಿನ ನಡುವೆ ನಗು. ರಸ್ತೆ ಕಡೆಯ ಕಿಟಕಿಯನ್ನು ಮುಚ್ಚಿ, ಸಂದಿಗಳಿಗೆ ಹಳೆಯ ಪೇಪರ್ ಮಡಿಸಿ ತುರುಕಿದ್ದರು. ಆದರೂ ಕಿಟಕಿಯ ದಂಡೆಯ ಮೇಲೆ ಕಾಡಿಗೆ ಎಳೆದಂತೆ ಕಪ್ಪು ಗೆರೆ. ದಿನಾ ಒರೆಸುತ್ತಾರಂತೆ, ದಿನಾ ಬರುತ್ತದಂತೆ.

“ಡಾಕ್ಟ್ರು ಎಂತ ಹೇಳ್ತಾರೆ ಅಕ್ಕಾ?”

“ಅವ್ರು ಹೇಳೂದು ಹೇಳ್ತಾರೆ. ರಸ್ತೆ ಎತ್ತಿ ಬೇರೆ ಕಡೆ ಇಡ್ಲಿಕ್ಕೆ ಆಗ್ತದಾ?” ಎಂದರು. ಆಮೇಲೆ ತಮಾಷೆಯ ದನಿಯಲ್ಲಿ, “ನಂಗೆ ಈಗ ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ಇವ್ರು ಏರಿಸಿ ಕಳಿಸಿದ ಗಾಡಿ ಯಾವ್ದು ಅಂತ ಕೆಮ್ಮಿನ ಮೇಲೇ ಗೊತ್ತಾಗ್ತದೆ” ಎಂದು ನಕ್ಕರು.

ಮಿಸ್ತ್ರಿ ಹಿಂದಿನ ಬಾಗಿಲಲ್ಲಿ ಕೈ ತೊಳೆಯುತ್ತಿದ್ದರು. ನೀರು ಸುರಿಯುವ ಸದ್ದು ನಿಂತಿತು. ಅಕ್ಕ ಅದನ್ನು ಗಮನಿಸಲಿಲ್ಲ, ಪುಡಿಗೆ ಏನೇನು ಹಾಕಬೇಕು ಎಂದು ಹೇಳುತ್ತಲೇ ಇದ್ದರು. ನನಗೆ ಒಂದೂ ತಲೆಗೆ ಹೋಗಲಿಲ್ಲ. ಮಿಸ್ತ್ರಿ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದರು...

ಅದಾದ ಕೆಲವೇ ದಿನಗಳಲ್ಲಿ ಕಿರವತ್ತಿ ಊರಿನ ಒಬ್ಬ ಡ್ರೈವರು ಬಂದರು. ಕೆಳಗಿನ ಕರಾವಳಿಯಿಂದ ಮನೆ ಕಟ್ಟುವ ಚಿರೆಕಲ್ಲು ಹೇರಿಕೊಂಡು ಘಾಟಿ ಹತ್ತುವವರು. ಸ್ವಂತ ಲಾರಿ, ಹಳೆಯದು. ಎಂಜಿನ್ನು ಆಯಿಲ್ ಕುಡಿಯುತ್ತಿತ್ತು, ಸ್ಕ್ರೂ ಎಷ್ಟು ಇಳಿಸಿದರೂ ನನ್ನ ಯಂತ್ರಕ್ಕೆ ಸಮಾಧಾನ ಆಗುತ್ತಿರಲಿಲ್ಲ. ಹೊಗೆಯ ಕಾಗದ ಇಲ್ಲದೆ ಗಾಡಿಗೆ ಮುಂದಿನ ಫಿಟ್‌ನೆಸ್ಸೂ ಇಲ್ಲ. ಎಂಜಿನ್ ಬಿಚ್ಚಲೇಬೇಕಿತ್ತು. ಮಿಸ್ತ್ರಿ ಒಪ್ಪಿದರು, ಆದರೆ ಒಂದು ಕರಾರು ಹಾಕಿದರು. ಇದನ್ನು ಹೊಗೆಯಿಲ್ಲದೆ ಎಳೆಯುವ ಎಂಜಿನ್ ಮಾಡಿಕೊಡುತ್ತೇನೆ. ಸ್ಕ್ರೂ ಮುಟ್ಟದೆ ಪಾಸಾಗಬೇಕು, ಅದೇ ಎಂಜಿನ್ನು ತುಂಬಿದ ಕಲ್ಲು ಹೊತ್ತು ಘಾಟಿ ಹತ್ತಬೇಕು. ಎರಡೂ ಆದರೆ ಮತ್ತೆ ಯಾರೂ ಆ ಸ್ಕ್ರೂ ತಿರುಗಿಸಬಾರದು.

ಕಿರವತ್ತಿಯವರು ತಲೆ ಕೆರೆದುಕೊಂಡರು. “ಹೊಗಿ ಬರ್ಲಿಲ್ಲಂದ್ರ ಗಾಡಿ ಎಳೀತೈತಿ ಅಂತ ಹೆಂಗ ನಂಬೂದ್ರಿ ಮಿಸ್ತ್ರಿ?”

ಅದು ಅವರೊಬ್ಬರ ಮಾತಲ್ಲ. ಈ ಹೆದ್ದಾರಿಯ ಡ್ರೈವರುಗಳೆಲ್ಲ ಕನ್ನಡಿಯಲ್ಲಿ ಕಪ್ಪು ಹೊಗೆ ಕಂಡರೇ ನೆಮ್ಮದಿಯಿಂದ ಗೇರು ಹಾಕುವವರು. ಅದನ್ನು ಅವರಿಗೆ ಕಲಿಸಿದವರೂ ಮಿಸ್ತ್ರಿಯೇ. ಈಗ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಒಂದು ಗಾಡಿ ಕಣ್ಣೆದುರು ಹತ್ತಿ ತೋರಿಸಿದರೆ ಉಳಿದವರು ತಾವಾಗಿ ಬರುತ್ತಾರೆ, ಒಂದೊಂದಾಗಿ ಆ ಏರಿನ ಹೊಗೆ ಕಡಿಮೆಯಾಗುತ್ತದೆ. ಇದು ಅವರ ಲೆಕ್ಕ. ಹೆಂಡತಿಯ ಹೆಸರನ್ನು ಎಲ್ಲೂ ಎತ್ತಲಿಲ್ಲ. ಆದರೆ ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ಚಪ್ಪರದ ಕೆಳಗೆ ಆ ಎಂಜಿನ್ನು ಬಿಡಿಬಿಡಿಯಾಗಿ ಹಾಸಿಕೊಂಡಿತು. ಹೆಡ್ಡು ಹುಬ್ಬಳ್ಳಿಗೆ ಹೋಗಿ ಬಂತು. ಹೊಸ ಲೈನರು, ಹೊಸ ಪಿಸ್ಟನ್ನು. ವಾಲ್ವುಗಳನ್ನು ಮಾತ್ರ ಅವರೇ ಕೂತು ಪೇಸ್ಟು ಹಚ್ಚಿ ಉಜ್ಜಿದರು, ಅಂಗೈ ನಡುವೆ ಕಡ್ಡಿ ತಿರುಗಿಸುತ್ತ, ಮಜ್ಜಿಗೆ ಕಡೆಯುವ ಹಾಗೆ. ಪಂಪನ್ನು ಹುಬ್ಬಳ್ಳಿಯಲ್ಲೇ ಅಳತೆ ಮಾಡಿಸಿ ತಂದು, ಆ ಸ್ಕ್ರೂವಿಗೆ ತಂತಿ ಸುತ್ತಿ ಸೀಸದ ಸೀಲು ಒತ್ತಿದರು. ಅಷ್ಟು ವರ್ಷ ಅಂಥ ಸೀಲು ಒಡೆದ ಕೈಯೇ ಈಗ ಸೀಲು ಹಾಕುವುದನ್ನು ನೋಡಿ ನಾನು ಕಿಚಾಯಿಸದೆ ಬಿಡಲಿಲ್ಲ.

“ಎಣ್ಣೆ ಏರಿಸದೆ ಎಳೆತ ಎಲ್ಲಿಂದ ತರ್ತೀರಿ?” ಎಂದು ಕೇಳಿದೆ.

“ಗಾಳಿಯಿಂದ. ಒಲೆಗೆ ಸೌದೆ ತುರುಕಿದ್ರೆ ಹೊಗೆ ಬರ್ತದೆ, ಊದಿದ್ರೆ ಬೆಂಕಿ ಬರ್ತದೆ. ನಿಮ್ಮಕ್ಕನೇ ಹೇಳಿದ್ದು.”

ದೊಡ್ಡ ಫಿಲ್ಟರ್ ಡಬ್ಬಿ ಕೂರಿಸಿದರು, ಹಳೆಯ ಸೋರುವ ಗಾಳಿ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕಿದರು, ಟರ್ಬೋ ಬಿಚ್ಚಿ ತೊಳೆದು ಜೋಡಿಸಿದರು. ಕ್ಯಾಬಿನ್ನಿನ ಹಿಂದೆ ನೆಟ್ಟಗೆ ನಿಂತು ಹೊರಗಿನ ಗಾಳಿ ಎಳೆದುಕೊಳ್ಳುವ ಪೈಪಿಗೂ ಹೊಸ ಜಾಳಿಗೆ. ನನಗೆ ಅದರ ಒಳಗು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವರು ಅಷ್ಟು ಖುಷಿಯಲ್ಲಿ ಇದ್ದದ್ದನ್ನು ಮಾತ್ರ ಮತ್ತೆ ನೋಡಲಿಲ್ಲ. ಕೆಲಸ ಮಾಡುತ್ತ ಗುನುಗುತ್ತಿದ್ದರು, ರಾಗಕ್ಕೆ ತಲೆ ಬುಡ ಇರಲಿಲ್ಲ.

ಎಂಜಿನ್ ಚಾಲೂ ಆದ ದಿನ ಪೂಜೆ ಮಾಡಿಸಿದರು. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಮೊದಲ ಹೂವು ಗಾಳಿ ಪೈಪಿನ ಬಾಯಿಗೇ ಹೋಗಬೇಕು, ಅದು ಅವರ ಗುರುವಿನ ಕಾಲದಿಂದ ಬಂದ ಪದ್ಧತಿ. ಗಾಡಿ ಉಸಿರೆಳೆಯುವ ಜಾಗ ಅಲ್ಲವೇ. ಯಾವಾಗಲೂ ಒಂದೆಳೆ ಮಾಲೆ ಏರಿಸಿ ಕೈಮುಗಿಯುತ್ತಿದ್ದರು. ಈ ಸಲ ಅಕ್ಕನೇ ಹಿತ್ತಿಲ ಗೊಂಡೆಹೂವು ಕೊಯ್ದು ಕೂತು ಮಾಲೆ ಕಟ್ಟಿ ಕಳಿಸಿದ್ದರು. ಉದ್ದದ, ದಪ್ಪನೆಯ ಮಾಲೆ. ಮಿಸ್ತ್ರಿ ಒಂದು ಹೂವೂ ಹಾಳಾಗಬಾರದೆಂದು ಅದನ್ನು ಪೈಪಿನ ತಲೆಗೆ ಸುತ್ತಿ ಸುತ್ತಿ ಕಟ್ಟಿದರು, ಮಾವಿನೆಲೆಯನ್ನೂ ಸಿಕ್ಕಿಸಿದರು. ಆಮೇಲೆ ಸೀದಾ ನನ್ನ ಗೂಡಿನ ಮುಂದೆ ತಂದು ನಿಲ್ಲಿಸಿದರು. ಡ್ರೈವರುಗಳು ಬಂಕಿನ ಕಟ್ಟೆಯ ಮೇಲೆ ಎಲೆ ಅಡಿಕೆಯ ಕವಳ ಹಾಕುತ್ತ ಕಾದು ಕುಳಿತಿದ್ದರು.

ನಾನು ನಳಿಗೆ ಸಿಕ್ಕಿಸಿದೆ. ಕಿರವತ್ತಿಯವರು ತುಳಿದರು.

ಕಪ್ಪು ಹೊಗೆ... ಮತ್ತೆ ತುಳಿದರು, ಮತ್ತೆ ಕಪ್ಪು. ಯಂತ್ರದ ಮೇಲೆ ಅಂಕಿ ಏರಿ ಮಿತಿ ದಾಟಿ ನಿಂತಿತು. ನಾನು ತಂತಿ ಅಲುಗಾಡಿಸಿ ನೋಡಿದೆ, ನಳಿಗೆ ಒರೆಸಿದೆ, ಇನ್ನೊಮ್ಮೆ ಮಾಡಿದೆ. ಅದೇ ಅಂಕಿ. ಪಾಸಿಲ್ಲ ಎಂದು ತಲೆಯಾಡಿಸಿದೆ.

ಕಟ್ಟೆಯ ಮೇಲಿಂದ ಒಬ್ಬ ಹೇಳಿದ, “ಪೂಜಾನೂ ಆತು, ಧೂಪಾನೂ ಆತಲ್ರೀ ಮಿಸ್ತ್ರಿ.” ಎಲ್ಲ ನಕ್ಕರು. ಅದರಲ್ಲಿ ಕೇಡಿನ ನಗು ಇರಲಿಲ್ಲ, ಆದರೂ ನನಗೆ ಅವರೆಲ್ಲರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮಿಸ್ತ್ರಿ ನಗಲಿಲ್ಲ, ಬೈಯಲೂ ಇಲ್ಲ. ಚಪ್ಪರದೊಳಗೆ ಹೋಗಿ ನಮಗೆ ಬೆನ್ನು ಹಾಕಿ ಕುಳಿತರು. ಅಷ್ಟು ಗಟ್ಟಿ ಮನುಷ್ಯನ ಬೆನ್ನು ಅಷ್ಟು ಚಿಕ್ಕದಾಗಿ ಕಾಣಬಹುದೆಂದು ನಾನು ಎಣಿಸಿರಲಿಲ್ಲ.

ಹಿಂದೆ ಬೇರೆ ಗಾಡಿಗಳು ಕಾಯುತ್ತಿದ್ದವು. ಬದಿಗೆ ತಗೊಳ್ಳಿ ಎಂದೆ. ಕಿರವತ್ತಿಯವರು ಬೇಸರಕ್ಕೋ ಏನೋ ಎಂಜಿನ್ನನ್ನು ಒಮ್ಮೆ ಜೋರಾಗಿ ತುಳಿದರು. ಆಗ ಕಂಡದ್ದು. ಪೈಪಿನ ತಲೆಯ ಮೇಲಿನ ಮಾಲೆ ಜಾಳಿಗೆಗೆ ಗಪ್ಪನೆ ಅಂಟಿಕೊಂಡಿತು. ಕಾಲು ತೆಗೆದಾಗ ಉಬ್ಬಿ ಸಡಿಲಾಯಿತು. ಮತ್ತೆ ತುಳಿದರು, ಮತ್ತೆ ಅಂಟಿಕೊಂಡಿತು. ಅಕ್ಕ ಕೆಮ್ಮುವಾಗ ಎದೆ ಒಳಗೆ ಹೋಗುತ್ತಿತ್ತಲ್ಲ, ಹಾಗೆ. ಗಾಡಿಗೆ ಉಸಿರು ಕಟ್ಟಿತ್ತು. ಮೊದಲಾದರೆ ಎಲ್ಲ ಎಂಜಿನ್ನೂ ಹೊಗೆ ಉಗುಳುವಂಥವೇ, ಹೂವು ಗಾಳಿ ತಡೆದದ್ದು ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ.

ಓಡಿ ಚಪ್ಪರಕ್ಕೆ ಹೋದೆ. ಮಿಸ್ತ್ರಿ ಎದ್ದು ಈಚೆಗೇ ಬರುತ್ತಿದ್ದರು. ಕೈಯಲ್ಲಿ ಪಾನ. ಕೆಂಪಗಾದ ಕಣ್ಣನ್ನು ನನ್ನಿಂದ ತಪ್ಪಿಸಿ, “ಅವನ ಕಾಗದ ಆಗ್ಬೇಕಲ್ಲ ತಂಗಿ. ಒಂದು ಸುತ್ತು ಇಳಿಸಿ ಕೊಡ್ತೇನೆ” ಎಂದರು. ಎಂದರೆ ಸೀಲು ಒಡೆಯುವುದು. ಗಾಡಿ ಪಾಸಾಗುತ್ತದೆ, ಘಾಟಿ ಹತ್ತುವುದಿಲ್ಲ, ನಾಳೆ ಮತ್ತೆ ಏರಿಸಬೇಕು. ಆ ಕಿಟಕಿಯ ಸಂದಿಗೆ ಮತ್ತೆ ಹೊಸ ಪೇಪರ್ ತುರುಕಬೇಕು.

ಅವರ ಕೈ ಹಿಡಿದು ನಿಲ್ಲಿಸಿದೆ. ಮೊದಲ ಸಲ ಹಾಗೆ ಹಿಡಿದದ್ದು. “ಮಿಸ್ತ್ರಿ, ಮೊದ್ಲು ನಿಮ್ಮ ಹೂವು ತೆಗೀರಿ” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ಬೆರಳು ತೋರಿಸಿದೆ, ಕಿರವತ್ತಿಯವರಿಗೆ ತುಳಿಯಲು ಹೇಳಿದೆ. ಮಾಲೆ ಅಂಟಿಕೊಂಡಿತು, ಸಡಿಲಾಯಿತು. ಮಿಸ್ತ್ರಿ ಅದನ್ನೇ ನೋಡುತ್ತ ನಿಂತರು. ಆಮೇಲೆ ಲಾರಿಯ ಬಂಪರ್ ಮೇಲೆ ಕುಸಿದು ಕುಳಿತು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ನೀರು ಬಂದ ಮೇಲೆ ಅದು ನಗುವೋ ಅಳುವೋ ತಿಳಿಯದಾಯಿತು. ತಾವೇ ಮೇಲೆ ಹತ್ತಿ ಮಾಲೆ ಬಿಚ್ಚಿದರು. ಎಸೆಯದೆ ತಮ್ಮ ಕೊರಳಿಗೇ ಹಾಕಿಕೊಂಡರು, ಕೈಯಲ್ಲಿ ಹಿಡಿದು ಇಳಿಯಲು ಆಗುವುದಿಲ್ಲ ಎಂದು.

ಮತ್ತೆ ನಳಿಗೆ ಸಿಕ್ಕಿಸಿದೆ. ಈ ಸಲ ಅಂಕಿ ಮಿತಿಯ ಹತ್ತಿರವೂ ಸುಳಿಯಲಿಲ್ಲ. ಕಟ್ಟೆಯ ಮೇಲಿದ್ದವರು ಕವಳ ಉಗುಳಿ ಎದ್ದು ಬಂದು ಯಂತ್ರದೊಳಗೆ ಇಣುಕಿದರು.

ಉಳಿದದ್ದು ಘಾಟಿ. ಭಾನುವಾರ ಮೂವರೂ ಹೊರಟೆವು. ಕೆಳಗೆ ಹೋಗಿ ಚಿರೆಕಲ್ಲು ತುಂಬಿಕೊಂಡು ತಿರುಗಿದೆವು. ಕಿಟಕಿಯ ಪಕ್ಕ ನಾನು, ನಡುವೆ ಮಿಸ್ತ್ರಿ. ಏರು ಶುರುವಾದಾಗ ಅವರು ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತ ಕುಳಿತರು. ಕನ್ನಡಿ ನೋಡಲು ಧೈರ್ಯ ಇರಲಿಲ್ಲ.

“ತಂಗೀ, ಹಿಂದೆ ಎಂತ ಕಾಣ್ತದೆ?”

“ರಸ್ತೆ ಕಾಣ್ತದೆ.”

ಇನ್ನೊಂದು ತಿರುವು. ಮತ್ತೆ ಅದೇ ಪ್ರಶ್ನೆ. ಮರ ಕಾಣ್ತದೆ ಎಂದೆ. ಆಮೇಲೆ, ಹಿಂದಿನ ಬೈಕಿನವನ ಮುಖ ಕಾಣ್ತದೆ ಎಂದೆ. ಕಿರವತ್ತಿಯವರು ಯಾವಾಗಲೂ ಕೆಳಗಿನ ಗೇರಿಗೆ ಇಳಿಸುವ ತಿರುವಿನಲ್ಲಿ ಕೈಯನ್ನು ಗೇರಿನ ಮೇಲಿಟ್ಟರು, ಒಂದು ಕ್ಷಣ ಕಾದರು, ಇಳಿಸದೆ ಹಾಗೇ ತೆಗೆದರು. “ಎಳ್ಯಾಕತ್ತೈತ್ರಿ” ಎಂದರು, ತಮಗೇ ಹೇಳಿಕೊಂಡ ಹಾಗೆ.

ಕೊನೆಯ ಏರಿನಲ್ಲಿ ಮನೆ ಬಂತು. ಕಿರವತ್ತಿಯವರು ಒಮ್ಮೆ ಹಾರ್ನ್ ಹಾಕಿದರು. ಪೇಪರ್ ತುರುಕಿದ ಆ ಕಿಟಕಿ ಅಲುಗಿತು, ಜಗ್ಗಿತು, ತೆರೆಯಿತು. ಅಕ್ಕ ಸರಳು ಹಿಡಿದು ನಿಂತಿದ್ದರು. ಲಾರಿ ಪೂರ್ತಿ ದಾಟಿ ಹೋದರೂ ಕೆಮ್ಮಲಿಲ್ಲ. ಮಿಸ್ತ್ರಿ ಆಗ ಕಣ್ಣು ತೆರೆದು, ನನ್ನನ್ನು ದಾಟಿ ಬಾಗಿ, ಕನ್ನಡಿಯಲ್ಲಿ ಹೆಂಡತಿ ಸಣ್ಣದಾಗುತ್ತ ಹೋಗುವುದನ್ನು ನೋಡಿದರು.

ಪಾನವನ್ನು ನನಗೆ ಕೊಟ್ಟದ್ದು ಮರುದಿನ. “ನಿನ್ನ ಡ್ರಾವರಲ್ಲೇ ಇರ್ಲಿ. ನನ್ನ ಹತ್ರ ಇದ್ರೆ ಕೈ ಸುಮ್ಮನಿರೂದಿಲ್ಲ” ಎಂದರು.

ಹೆದ್ದಾರಿಯ ಹೊಗೆಯೆಲ್ಲ ಅಲ್ಲಿಗೆ ಮುಗಿಯಿತು ಎಂದು ಹೇಳಿದರೆ ನೀವು ನಂಬುವುದಿಲ್ಲ, ಹಾಗೆ ಆಗಲೂ ಇಲ್ಲ. ಕೆಲವರು ಬಂದರು, ತಮ್ಮ ಗಾಡಿಗೂ ಹಾಗೇ ಮಾಡಿಕೊಡಿ ಎಂದರು. ಕೆಲವರು ಬೇರೆ ಮಿಸ್ತ್ರಿ ಹುಡುಕಿಕೊಂಡರು. ನಮ್ಮ ಮಿಸ್ತ್ರಿ ಒಪ್ಪಿಕೊಂಡ ಗಾಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಒಂದು ಮಳೆಗಾಲದ ಬೆಳಿಗ್ಗೆ ಮಿಸ್ತ್ರಿ ಚಪ್ಪರಕ್ಕೆ ಬರಲಿಲ್ಲ. ಎದೆನೋವಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಮೊದಲು ಹೋಗುವವರು ಅಕ್ಕ ಎಂದೇ ನಾವೆಲ್ಲ ಒಳಗೊಳಗೆ ಎಣಿಸಿದ್ದೆವು. ಅವರು ಉಳಿದರು, ಇವರು ಹೋದರು... ಆ ಮಧ್ಯಾಹ್ನ ಕಷಾಯದ ಹೊತ್ತಿಗೆ ನಾನು ಗೂಡಿನಲ್ಲಿ ಕೂತು ಚಿಕ್ಕ ಮಕ್ಕಳಂತೆ ಅತ್ತೆ.

ಕಿರವತ್ತಿಯವರು ಮಾತ್ರ ಆ ಏರಿನಲ್ಲಿ ಹಾರ್ನ್ ಹಾಕುವುದನ್ನು ಬಿಡಲಿಲ್ಲ. ಹಾರ್ನ್ ಕೇಳಿದರೆ ಅಕ್ಕ ಕಿಟಕಿ ತೆಗೆಯುತ್ತಾರೆ, ಲಾರಿ ದಾಟಿದ ಮೇಲೆ ಮುಚ್ಚುತ್ತಾರೆ. ಕಳೆದ ಬೇಸಿಗೆಯಲ್ಲಿ ಆ ಗಾಡಿಯ ಕಾಲ ಮುಗಿಯಿತು, ಗುಜರಿಗೆ ಹೋಯಿತು. ಕಿರವತ್ತಿಯವರು ಹೊಸ ಲಾರಿ ತಂದರು. ಹಳೆಯದು ಇಲ್ಲ ಎಂದು ಅಕ್ಕನಿಗೆ ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ಹೊಸದರಲ್ಲೇ ಹೋಗಿ ಹಾರ್ನ್ ಹಾಕುತ್ತಿದ್ದರು. “ನೀವಾದ್ರೂ ಹೇಳ್ರಿ ಅಕ್ಕಾರ” ಎಂದು ನನ್ನ ತಲೆಗೆ ಕಟ್ಟಿದ್ದರು. ನಾನೂ ಮುಂದೂಡುತ್ತಲೇ ಇದ್ದೆ.

ಮೊನ್ನೆ ಆ ಮಾಲೆ ಕೈಗೆ ಬಂದ ಮೇಲೆ ಇನ್ನು ತಡೆಯಬಾರದು ಅನ್ನಿಸಿತು. ಸಂಜೆ ಗೂಡು ಮುಚ್ಚಿ ಬಸ್ಸು ಹತ್ತಿ ಹೋದೆ. ಅಕ್ಕ ಕಷಾಯ ಮಾಡಿ ಕೊಟ್ಟರು. ಎಲ್ಲಿಂದ ಶುರು ಮಾಡಲಿ ಎಂದು ಲೋಟ ತಿರುಗಿಸುತ್ತ ಕೂತಿದ್ದೆ. ಹೊರಗೆ ಹಾರ್ನ್ ಕೇಳಿತು. ಅಕ್ಕ ಗೋಡೆ ಹಿಡಿದು ಎದ್ದು ಹೋಗಿ ಕಿಟಕಿ ತೆಗೆದರು. ಹೊಸ ಲಾರಿ ಹತ್ತಿ ಹೋಯಿತು, ಕಿರವತ್ತಿಯವರ ಕೈ ಹೊರಗೆ ಬೀಸಿತು. ಅಕ್ಕನೂ ಕೈ ಎತ್ತಿದರು.

“ಹೊಗೆ ಇಲ್ಲ” ಎಂದರು. ದೂರವಾಗುವ ಸದ್ದಿಗೆ ಕಿವಿಗೊಟ್ಟು, “ಆದ್ರೆ ಇದು ಇವ್ರ ಗಾಡಿ ಅಲ್ಲ” ಎಂದರು.

ನಾನು ಲೋಟ ಕೆಳಗಿಟ್ಟೆ. “ನಿಮಗೆ ಗೊತ್ತಿತ್ತಾ ಅಕ್ಕಾ?”

“ಸದ್ದೇ ಬೇರೆ ಅಲ್ಲವಾ. ಬಂದ ದಿನವೇ ಗೊತ್ತಾಯ್ತು. ಪಾಪ, ಅವ್ರು ಅಷ್ಟು ಪ್ರೀತಿಯಿಂದ ಹಾರ್ನ್ ಹಾಕ್ತಾರೆ. ತೆಗೀದಿದ್ರೆ ಬೇಜಾರು ಮಾಡ್ಕೊಳ್ಳೂದಿಲ್ಲವಾ?”

ಕಿಟಕಿ ಮುಚ್ಚುವ ಮೊದಲು ದಂಡೆಯ ಮೇಲೆ ಬೆರಳು ಎಳೆದು ನನಗೆ ತೋರಿಸಿದರು. ಬೆರಳ ತುದಿ ಕಪ್ಪಾಗಿತ್ತು.

“ಇವ್ರು ಇದ್ದಿದ್ರೆ ಇನ್ನೂ ನಾಕು ಗಾಡಿ ಬಿಚ್ತಿದ್ರು” ಎಂದು ಬೆರಳನ್ನು ಸೆರಗಿಗೆ ಒರೆಸಿಕೊಂಡರು.